ತಪ್ಪೊಪ್ಪಿಕೊಂಡರೆ ಮೇಲ್ಮನವಿ ಎಷ್ಟು ಉಳಿಯುತ್ತದೆ?

ತುಮಕೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಹೊಡೆದಾಟದ ಪ್ರಕರಣ ಎದುರಿಸುತ್ತಿರುವ ನಿಮ್ಮ ತಮ್ಮ ತಪ್ಪೊಪ್ಪಿಕೊಳ್ಳಬೇಕೋ, ಪ್ಲೀ ಬಾರ್ಗೇನಿಂಗ್‌ಗೆ (ತಪ್ಪೊಪ್ಪಿಕೊಂಡು, ಗಾಯಗೊಂಡವರೊಂದಿಗೆ ಮಾತುಕತೆಯಲ್ಲಿ ಇತ್ಯರ್ಥಕ್ಕೆ ಬಂದು ಕಡಿಮೆ ಶಿಕ್ಷೆ ಪಡೆಯುವ ವ್ಯವಸ್ಥೆ) ಅರ್ಜಿ ಹಾಕಬೇಕೋ, ವಿಚಾರಣೆ ಎದುರಿಸಬೇಕೋ ಎಂದು ಕೇಳಿದ್ದೀರಿ.

ಮೊದಲು ಮೇಲ್ಮನವಿಯನ್ನೇ ನೋಡಿ. ಜನ ಎಡವುವುದು ಅಲ್ಲಿಯೇ. ವಿಚಾರಣೆ ನಡೆದು ಶಿಕ್ಷೆಯಾದರೆ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷ್ಯದಿಂದ ಶಿಕ್ಷೆಯವರೆಗೆ ಎಲ್ಲವನ್ನೂ ಪ್ರಶ್ನಿಸಬಹುದು. ನೇರವಾಗಿ ತಪ್ಪೊಪ್ಪಿಕೊಂಡರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ ಪ್ರಕಾರ ಶಿಕ್ಷೆಯ ಪ್ರಮಾಣವನ್ನು ಅಥವಾ ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಹುದು. ‘ನಾನು ಹೊಡೆದಿಲ್ಲ’ ಎಂಬ ವಾದಕ್ಕೆ ಆಗ ಜಾಗವಿಲ್ಲ. ಬಾರ್ಗೇನಿಂಗ್‌ನಲ್ಲಿ ಅಷ್ಟೂ ಇಲ್ಲ; ಹೈಕೋರ್ಟ್‌ಗೆ ರಿಟ್, ಸುಪ್ರೀಂ ಕೋರ್ಟ್‌ಗೆ ವಿಶೇಷ ಅನುಮತಿ ಅರ್ಜಿ ಮಾತ್ರ ಉಳಿಯುತ್ತವೆ.

ಶಿಕ್ಷೆಯ ಲೆಕ್ಕ ಬೇರೆ. ಏಳು ವರ್ಷ ಮೀರದ ಶಿಕ್ಷೆಯ ಅಪರಾಧಗಳಿಗಷ್ಟೇ ಬಾರ್ಗೇನಿಂಗ್ ಉಂಟು, ಅರ್ಜಿಗೆ ದೋಷಾರೋಪ ಹೊರಿಸಿದ ಮೇಲೆ 30 ದಿನ ಗಡುವು. ಕನಿಷ್ಠ ಶಿಕ್ಷೆ ನಿಗದಿಯಾಗಿರದಿದ್ದರೆ, ಮೊದಲ ಬಾರಿಯ ಅಪರಾಧಿಗೆ ಆ ಅಪರಾಧಕ್ಕೆ ಕಾನೂನು ಹೇಳಿರುವ ಶಿಕ್ಷೆಯ ಆರನೇ ಒಂದು ಭಾಗದಷ್ಟೇ ವಿಧಿಸಬಹುದು. ಬರಿಯ ತಪ್ಪೊಪ್ಪಿಗೆಗೆ ಇಂಥ ರಿಯಾಯಿತಿಯ ಭರವಸೆ ಇಲ್ಲ, ಪ್ರಕರಣ ಬೇಗ ಮುಗಿಯುತ್ತದೆ ಅಷ್ಟೇ.

ತಮ್ಮ ಹೊಡೆದೇ ಇಲ್ಲವಾದರೆ, ಎಷ್ಟು ವರ್ಷ ಅಲೆದರೂ ವಿಚಾರಣೆಯೇ ಸರಿ. ತಪ್ಪು ಸ್ಪಷ್ಟವಿದ್ದು, ಗಾಯಗೊಂಡವರು ಪರಿಹಾರಕ್ಕೆ ಒಪ್ಪಿದರೆ ಬಾರ್ಗೇನಿಂಗ್ ಒಳ್ಳೆಯದು. ದಂಡದಲ್ಲೇ ಮುಗಿಯುವ ಸಣ್ಣ ಪ್ರಕರಣಕ್ಕೆ ತಪ್ಪೊಪ್ಪಿಗೆ ಸಾಕು. ಆದರೆ ಸರ್ಕಾರಿ ಕೆಲಸದ ಆಸೆಯಿದ್ದರೆ ಎಚ್ಚರ: ಬಾರ್ಗೇನಿಂಗ್ ಕೂಡ ದೋಷನಿರ್ಣಯವೇ. ಸಹಿ ಹಾಕುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರನ್ನು ಕೇಳಿ.