ಕೊರಳು ಬಿಗಿ ಮಾಡಿಸಲು ಹೋಗಿ ಬಾಯಿ ಸೊಟ್ಟಗಾಯಿತು

ಒಂದನೆಯ ತರಗತಿಯ ಮಕ್ಕಳಿಗೆ ಸ್ವರಗಳನ್ನು ಹೇಳಿಕೊಡುವಾಗ ನಾನು ಬಾಯಿಯನ್ನು ಅಗಲವಾಗಿ ತೆರೆದು ತೋರಿಸುತ್ತೇನೆ. ಅದು ಮೂವತ್ತು ವರ್ಷಗಳ ರೂಢಿ. ಕಳೆದ ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ‘ಈ’ ಎಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೆಳದುಟಿಯನ್ನು ಒಂದೇ ಕಡೆಗೆ ಎಳೆದು ‘ಈ’ ಎಂದಳು. ಪಕ್ಕದಲ್ಲಿ ಕುಳಿತವನೂ ಹಾಗೆಯೇ ಎಳೆದ. ಅವರು ನನ್ನನ್ನು ಅಣಕಿಸುತ್ತಿರಲಿಲ್ಲ. ಟೀಚರ್ ಹೇಗೆ ತೋರಿಸಿದರೋ ಹಾಗೆ ಕಲಿಯುತ್ತಿದ್ದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ‘ಈ’ ಎಂದೆ. ಎಡಗಡೆಯ ಕೆಳದುಟಿ ಇಳಿಯಿತು, ಬಲಗಡೆಯದು ಇದ್ದಲ್ಲಿಯೇ ಇತ್ತು.

ನನಗೆ 56 ವರ್ಷ. ಕಲಬುರಗಿಯ ಸರ್ಕಾರಿ ಶಾಲೆಯೊಂದರಲ್ಲಿ ಶಿಕ್ಷಕಿ. ಕೊರಳು ಬಿಗಿ ಮಾಡಿಸಲು ಹೋದ ಕ್ಲಿನಿಕ್ಕಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದರ ಮೇಲೆ ನಾನು ಕೊಟ್ಟ ದೂರು ಇನ್ನೂ ವಿಚಾರಣೆಯಲ್ಲಿದೆ. ಆದರೆ ನಡೆದದ್ದನ್ನು ಮುಚ್ಚಿಡುವುದಿಲ್ಲ. ನನ್ನ ವಯಸ್ಸಿನ ಎಷ್ಟೋ ಅಕ್ಕತಂಗಿಯರು ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಇಂಥ ಕ್ಲಿನಿಕ್ಕುಗಳ ಜಾಹೀರಾತುಗಳನ್ನು ನೋಡುತ್ತಿರುತ್ತಾರೆ ಎಂದು ನನಗೆ ಗೊತ್ತಿದೆ. ನಾನೂ ಹಾಗೆಯೇ ನೋಡಿದವಳು.

ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರ ಮಾತು ಕೇಳಿ ಅನ್ನ ಬಿಟ್ಟೆ, ಜೋಳದ ರೊಟ್ಟಿ ಒಂದಕ್ಕೆ ಇಳಿಸಿದೆ, ಬೆಳಿಗ್ಗೆ ಸಂಜೆ ನಡೆದೆ. ಒಂದೂವರೆ ವರ್ಷದಲ್ಲಿ 14 ಕಿಲೋ ಇಳಿಯಿತು. ಮೈ ಹಗುರವಾಯಿತು, ಆದರೆ ಕೊರಳಿನ ಚರ್ಮ ಜೋತುಬಿತ್ತು. ಗದ್ದದ ಕೆಳಗಿನಿಂದ ಕಾಲರ್ ಎಲುಬಿನವರೆಗೆ ಎರಡು ಹುರಿಗಳು ಎದ್ದು ನಿಂತವು. ಮೇ ತಿಂಗಳಲ್ಲಿ ಮಗಳ ನಿಶ್ಚಯ ಕಾರ್ಯವಾಯಿತು. ಅತ್ತೆಯವರು ಕೊಟ್ಟ ಬೋರಮಾಳ ಹಾಕಿಕೊಂಡಿದ್ದೆ. ಫೋಟೋದಲ್ಲಿ ಅದರ ಮಣಿಗಳು ಕೊರಳಿನ ಮಡಿಕೆಯಲ್ಲಿ ಹುದುಗಿಹೋಗಿದ್ದವು. ಬೀಗರ ಪಕ್ಕದಲ್ಲಿ ನಿಂತ ನನ್ನನ್ನು ನೋಡಿ ಮಗಳ ಅಜ್ಜಿ ಇರಬೇಕು ಎಂದು ಯಾರೋ ಕೇಳಿದರಂತೆ. ಆ ಮಾತು ಚುಚ್ಚಿತು. ಡಿಸೆಂಬರಿನ ಮದುವೆಯೊಳಗೆ ಏನಾದರೂ ಮಾಡಿಸಿಕೊಳ್ಳಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನನಗೆ ಈಗಲೂ ನಾಚಿಕೆಯಿಲ್ಲ. ತಲೆಗೂದಲಿಗೆ ಬಣ್ಣ ಹಚ್ಚಿಸಿಕೊಂಡವರನ್ನು ಯಾರೂ ಪ್ರಶ್ನಿಸುವುದಿಲ್ಲ, ಕೊರಳಿನ ಆಸೆಯನ್ನು ಮಾತ್ರ ಏಕೆ ಪ್ರಶ್ನಿಸಬೇಕು? ನಾನು ಮಾಡಿದ ತಪ್ಪು ಆ ಆಸೆಯಲ್ಲ. ಯಾರನ್ನೂ ಕೇಳದೆ ಹೋಗಿ ಕುರ್ಚಿಯಲ್ಲಿ ಮಲಗಿದ್ದು ತಪ್ಪು.

ಕ್ಲಿನಿಕ್ಕಿನಲ್ಲಿ ಮೊದಲು ಮಾತನಾಡಿದವಳು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. “ಮೇಡಂ, ಆಪರೇಷನ್ ಇಲ್ಲ, ಹೊಲಿಗೆ ಇಲ್ಲ. ಮಧ್ಯಾಹ್ನ ಬಂದರೆ ರಾತ್ರಿ ಅಡುಗೆ ನೀವೇ ಮಾಡಬಹುದು” ಎಂದಳು. ಕುತ್ತಿಗೆ ಪ್ಯಾಕೇಜಿಗೆ 48,000 ರೂಪಾಯಿ, ಇವತ್ತೇ ಕಟ್ಟಿದರೆ 39,000. ಕೊಬ್ಬು ಕರಗಿಸುವ ಇಂಜೆಕ್ಷನ್ ಮತ್ತು ಚರ್ಮ ಎತ್ತಿ ಹಿಡಿಯುವ ದಾರ, ಎರಡೂ ಒಂದೇ ದಿನ. ಬಿಳಿ ಕೋಟು ಹಾಕಿದವರೊಬ್ಬರು ಬಂದು ನನ್ನನ್ನು ಮಲಗಿಸಿ ಎರಡು ನಿಮಿಷ ನೋಡಿದರು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಪ್ರಮಾಣಪತ್ರಗಳು ಸಾಲಾಗಿದ್ದವು. ಅವು ಕೆಲವೇ ದಿನಗಳ ತರಬೇತಿಯ ಪ್ರಮಾಣಪತ್ರಗಳು ಎಂದು ನನಗೆ ತಿಳಿದದ್ದು ಆಮೇಲೆ. ಸಕ್ಕರೆ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಿದಾಗ “ಅದಕ್ಕೂ ಇದಕ್ಕೂ ಸಂಬಂಧವಿಲ್ಲ” ಎಂದರು. ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಮಕ್ಕಳಿಗೆ ಓದು ಕಲಿಸುವ ನಾನು ಅದನ್ನು ಓದದೆ ಸಹಿ ಹಾಕಿದೆ.

ಗದ್ದದ ಕೆಳಗೆ, ದವಡೆಯ ಅಂಚಿನವರೆಗೂ ಸಾಲುಸಾಲಾಗಿ ಸೂಜಿ ಚುಚ್ಚಿದರು. ಬೆಂಕಿ ತಗುಲಿದ ಹಾಗೆ ಉರಿಯಿತು. ಬಳಿಕ ಕಿವಿಯ ಹತ್ತಿರದಿಂದ ದಾರಗಳನ್ನು ತೂರಿಸಿದರು. ಮರುದಿನ ಕೊರಳು ಊದಿ ಗದ್ದವೂ ಕೊರಳೂ ಒಂದಾದವು. ರೊಟ್ಟಿ ನುಂಗಲಾಗದೆ ನಾಲ್ಕು ದಿನ ಅಂಬಲಿ ಕುಡಿದೆ. ಮನೆಯವರಿಗೆ ಹಲ್ಲು ನೋವು ಎಂದು ಹೇಳಿದೆ. ಫೋನ್ ಮಾಡಿದಾಗಲೆಲ್ಲ ಕ್ಲಿನಿಕ್ಕಿನಿಂದ ಬಂದದ್ದು ಒಂದೇ ಉತ್ತರ: ಎಲ್ಲರಿಗೂ ಹೀಗೆಯೇ ಆಗುತ್ತದೆ, ಇಳಿಯುತ್ತದೆ. ಊತವೇನೋ ಇಳಿಯಿತು. ಆದರೆ ಬಾಯಿ ಸೊಟ್ಟಗಾಯಿತು. ಅದನ್ನು ಹೇಳಿದರೆ ಮಸಾಜ್ ಮಾಡಿಕೊಳ್ಳಿ ಎಂದರು.

ಶ್ರಾವಣದ ಎರಡನೆಯ ಸೋಮವಾರ ಶರಣಬಸವೇಶ್ವರರ ಗುಡಿಯಲ್ಲಿ ನನ್ನ ಅಣ್ಣನ ಹೆಂಡತಿ ಸಿಕ್ಕರು. ಸೆರಗನ್ನು ಕೊರಳಿಗೆ ಸುತ್ತಿಕೊಂಡು ನಿಂತಿದ್ದೆ. “ಏನಿದು, ಜ್ವರವೇ?” ಎಂದು ಕೇಳುತ್ತಲೇ ಸೆರಗು ಸರಿಸಿ ನೋಡಿದರು. ಬಲಗಿವಿಯ ಕೆಳಗೆ ದಾರದ ತುದಿ ಚರ್ಮ ಹರಿದು ಹೊರಗೆ ಬಂದಿತ್ತು, ಸುತ್ತಲೂ ಕೀವು. ಅಲ್ಲಿಯವರೆಗೆ ಯಾರ ಮುಂದೆಯೂ ಅಳದಿದ್ದ ನಾನು “ವೈನಿ, ಯಾರಿಗೂ ಹೇಳಬೇಡಿ” ಎಂದು ಅತ್ತುಬಿಟ್ಟೆ. “ಹೇಳದೆ ಸಾಯುತ್ತೀಯಾ?” ಎಂದು ಗದರಿ ಅವರೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಕ್ಕರೆ 340 ಇತ್ತು. ದಾರ ತೆಗೆದು, ಕೀವು ತೊಳೆದು, ಆ್ಯಂಟಿಬಯಾಟಿಕ್ ಮತ್ತು ಇನ್ಸುಲಿನ್ ಕೊಟ್ಟರು. ವೈನಿ ಆ ದಿನ ಸೆರಗು ಸರಿಸದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ನಾಲ್ಕು ವಾರ ಗುಟ್ಟು ಮಾಡಿದ್ದರಿಂದ ನನಗೆ ಸೂಜಿಗಿಂತ ಹೆಚ್ಚು ಕೇಡಾಯಿತು.

ಗಾಯ ಮಾಗಿದ ಮೇಲೆ ವಾಡಿ, ತಾಂಡೂರು ಮಾರ್ಗದ ರೈಲು ಹಿಡಿದು ಹೈದರಾಬಾದಿಗೆ ಹೋಗಿ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡೆವು. ಅವರು ಕೇಳಿದ ಮೊದಲ ಪ್ರಶ್ನೆ: “ಏನನ್ನು ಚುಚ್ಚಿದರು?” ನನ್ನಲ್ಲಿ ಉತ್ತರವಿರಲಿಲ್ಲ. ರಸೀದಿ ತೋರಿಸಿದೆ. ಅದರಲ್ಲಿ ‘ಕುತ್ತಿಗೆ ಪ್ಯಾಕೇಜ್’ ಎಂದಷ್ಟೇ ಇತ್ತು. ನನ್ನ ಮೈಯೊಳಗೆ ಹೋದ ಔಷಧದ ಹೆಸರು ನನಗೇ ಗೊತ್ತಿಲ್ಲ ಎಂದು ಹೇಳುವಾಗ ಆದ ಸಂಕಟವನ್ನು ನಾನು ಮರೆಯಲಾರೆ.

ಅವರು ನನ್ನನ್ನು ಮಲಗಿಸಲಿಲ್ಲ, ನೆಟ್ಟಗೆ ಕೂರಿಸಿದರು. ಮಲಗಿದರೆ ಜೋತ ಚರ್ಮ ಹಿಂದಕ್ಕೆ ಸರಿದು ಮರೆಯಾಗುತ್ತದೆ ಎಂದರು. ಗದ್ದದ ಕೆಳಗೆ ಬೆರಳುಗಳಿಂದ ಹಿಡಿದು ನೋಡಿದರು, ಹಲ್ಲು ಕಚ್ಚಿ ಕೆಳದುಟಿ ಎಳೆದು ‘ಈ’ ಎನ್ನಿ ಎಂದರು, ನೀರು ನುಂಗಿಸಿ ಥೈರಾಯ್ಡ್ ಮುಟ್ಟಿದರು. ಗಳಗಂಡದ ಊತವನ್ನು ಕೊಬ್ಬು ಎಂದುಕೊಂಡು ಬರುವವರೂ ಇದ್ದಾರಂತೆ. ಸಕ್ಕರೆ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ, ತಂಬಾಕು ಎಲ್ಲವನ್ನೂ ಕೇಳಿದರು. ಆಮೇಲೆ ಒಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಅದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ, ಏಕೆಂದರೆ ಇಷ್ಟು ಮೊದಲೇ ಗೊತ್ತಿದ್ದರೆ ನಾನು ಆ ಕುರ್ಚಿಯಲ್ಲಿ ಮಲಗುತ್ತಿರಲಿಲ್ಲ.

ಕೊರಳು ಇಳಿಬೀಳಲು ಕಾರಣ ಕೊಬ್ಬು ಇರಬಹುದು, ಸ್ನಾಯು ಇರಬಹುದು, ಚರ್ಮ ಇರಬಹುದು. ಬಹಳ ಜನರಲ್ಲಿ ಇವು ಬೆರೆತಿರುತ್ತವೆ, ಆದರೆ ಒಬ್ಬೊಬ್ಬರಲ್ಲಿ ಒಂದೊಂದು ಹೆಚ್ಚು. ಎದೆಯ ಮೇಲ್ಭಾಗದಿಂದ ದವಡೆಯವರೆಗೆ ‘ಪ್ಲಾಟಿಸ್ಮಾ’ ಎಂಬ ತೆಳುವಾದ ಸ್ನಾಯು ಹಾಸಿಕೊಂಡಿದೆ. ವಯಸ್ಸಾದಂತೆ ಅದರ ನಡುವಿನ ಅಂಚುಗಳು ಬೇರ್ಪಟ್ಟು ಹುರಿಗಳಂತೆ ಎದ್ದು ಕಾಣುತ್ತವೆ. ನನ್ನ ಕೊರಳಿನಲ್ಲಿದ್ದದ್ದು ಅದೇ ಹುರಿ, ಜೊತೆಗೆ ತೂಕ ಇಳಿದದ್ದರಿಂದ ಸಡಿಲವಾದ ಚರ್ಮ. ಕರಗಿಸಲು ಅಲ್ಲಿ ಕೊಬ್ಬೇ ಇರಲಿಲ್ಲ. ಇದ್ದ ಅಷ್ಟಿಷ್ಟು ಕೊಬ್ಬೂ ಹೋಗಿ ಚರ್ಮ ಇನ್ನಷ್ಟು ಜೋತಿತು.

ಗದ್ದದ ಕೆಳಗಿನ ಕೊಬ್ಬಿಗೆಂದೇ ಒಂದು ಔಷಧವಿದೆ: ಡಿಯಾಕ್ಸಿಕೋಲಿಕ್ ಆ್ಯಸಿಡ್. ಪಿತ್ತರಸದಲ್ಲಿರುವ ವಸ್ತುವೇ ಅದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕನಿಷ್ಠ ಒಂದು ತಿಂಗಳ ಅಂತರದಲ್ಲಿ, ಹೆಚ್ಚೆಂದರೆ ಆರು ಬಾರಿ ಕೊಡಬೇಕು. ಚರ್ಮ ತೀರಾ ಸಡಿಲವಿದ್ದವರಿಗೆ, ಹುರಿಗಳು ಎದ್ದು ಕಾಣುವವರಿಗೆ ಕೊಡುವ ಮುನ್ನ ಯೋಚಿಸಬೇಕು ಎಂದು ಔಷಧದ ವಿವರಣೆಯಲ್ಲಿಯೇ ಇದೆ. ದವಡೆಯ ಅಂಚಿಗೆ ಹತ್ತಿರ ಚುಚ್ಚಬಾರದು ಎಂಬುದೂ ಇದೆ. ಕೆಳದುಟಿಯನ್ನು ಕೆಳಗೆಳೆಯುವ ನರ ಅಲ್ಲಿಯೇ ಹಾದುಹೋಗುತ್ತದೆ. ಔಷಧದ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು ನಾಲ್ವರಿಗೆ ಆ ನರ ಸೋತಿತ್ತು, ಕೆಲವರಿಗೆ ಕೆಲವೇ ದಿನ, ಕೆಲವರಿಗೆ ತಿಂಗಳುಗಟ್ಟಲೆ, ಆದರೆ ಎಲ್ಲರಿಗೂ ತಾನಾಗಿ ಸರಿಹೋಯಿತು. ಹೀಗೆಂದು ಹೇಳಿ ಡಾಕ್ಟರು “ಕಾಯೋಣ, ಅಮ್ಮಾ” ಎಂದರು. ಆ ಒಂದು ಮಾತಿಗೆ ನಾನು ಎರಡು ತಿಂಗಳು ಜೋತುಬಿದ್ದೆ.

ದಾರದ ಬಗ್ಗೆಯೂ ಹೇಳಿದರು. ಈ ದಾರಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯಲ್ಲಿ ಹೊಲಿಯಲು ಬಳಸುವ, ಮೈಯೊಳಗೇ ಕರಗುವ ದಾರಗಳು. ಸುಮಾರು ಆರು ತಿಂಗಳಲ್ಲಿ ಕರಗುವ ದಾರ ಭಾರವಾದ ಚರ್ಮವನ್ನು ಎಷ್ಟು ದಿನ ಹೊರಬಲ್ಲದು? ಅಲ್ಟ್ರಾಸೌಂಡ್ ಶಾಖ ಕೊಡುವ ಯಂತ್ರಗಳಿಂದ ಸ್ವಲ್ಪವೇ ಸಡಿಲವಾದ ಚರ್ಮಕ್ಕೆ ಸ್ವಲ್ಪ ಬಿಗಿ ಬರಬಹುದು, ಅಷ್ಟೇ. ಹುರಿಗಳಿಗೆ ಸ್ನಾಯುವನ್ನು ಸಡಿಲಿಸುವ ಬೊಟೊಕ್ಸ್ ಇಂಜೆಕ್ಷನ್ ಕೊಡುತ್ತಾರೆ. ಅದರ ಪರಿಣಾಮ ಮೂರು ನಾಲ್ಕು ತಿಂಗಳು, ಪ್ರಮಾಣ ಹೆಚ್ಚಾದರೆ ನುಂಗಲು ಕಷ್ಟವಾಗಬಹುದು. ಚರ್ಮ ಇನ್ನೂ ಬಿಗಿಯಿದ್ದು ಕೊಬ್ಬು ಮಾತ್ರ ಇರುವವರಿಗೆ ಲೈಪೋಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವುದು, ಸಾಕಾಗಬಹುದು.

ನನ್ನಂಥ ಕೊರಳಿಗೆ ನಿಜವಾದ ಪರಿಹಾರ ಶಸ್ತ್ರಚಿಕಿತ್ಸೆಯೇ. ಗದ್ದದ ಕೆಳಗೆ ಮತ್ತು ಕಿವಿಯ ಹಿಂದೆ ಕೊಯ್ದು, ಸ್ನಾಯುವಿನ ಅಂಚುಗಳನ್ನು ಸೇರಿಸಿ ಹೊಲಿದು, ಹೆಚ್ಚಾದ ಚರ್ಮವನ್ನು ತೆಗೆಯುತ್ತಾರೆ. ಅದು ದೊಡ್ಡ ಕೆಲಸ. ಮೊದಲ 24 ಗಂಟೆಗಳಲ್ಲಿ ಚರ್ಮದ ಕೆಳಗೆ ರಕ್ತ ಸೇರಿಕೊಳ್ಳುವ ಅಪಾಯವಿದೆ, ಬಿ.ಪಿ. ಏರಿದವರಿಗೆ ಇನ್ನೂ ಹೆಚ್ಚು. ಆದ್ದರಿಂದ ರಾತ್ರಿ ನೋಡಿಕೊಳ್ಳುವವರು ಇಲ್ಲದ ಜಾಗದಲ್ಲಿ ಅದನ್ನು ಮಾಡಿಸಬಾರದು. ಊತ, ಚರ್ಮದ ಕಂದುಗಲೆಗಳು ಇಳಿಯಲು ಎರಡು ವಾರ ಬೇಕು. ನಮ್ಮ ಕಡೆಯ ಹೆಂಗಸರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು: ಎಲೆಯಡಿಕೆಯೊಂದಿಗೆ ತಂಬಾಕು ತಿನ್ನುವವರು, ಹಲ್ಲಿಗೆ ತಂಬಾಕಿನ ಪುಡಿ ಹಚ್ಚುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಕಿವಿಯ ಹಿಂದಿನ ಚರ್ಮಕ್ಕೆ ರಕ್ತ ಸಾಲದೆ ಅದು ಸತ್ತು ಕಪ್ಪಾಗಬಹುದು. ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಬೀಡಿ ಸಿಗರೇಟು ಸೇದುವುದಿಲ್ಲ ಎಂದ ಮಾತ್ರಕ್ಕೆ ತಂಬಾಕು ಇಲ್ಲ ಎಂದಾಗುವುದಿಲ್ಲ.

ಇನ್ನು ಯಾರ ಹತ್ತಿರ ಹೋಗಬೇಕು ಎಂಬ ಮಾತು. ಪ್ಲಾಸ್ಟಿಕ್ ಸರ್ಜನ್ ಎಂದರೆ ಎಂ.ಬಿ.ಬಿ.ಎಸ್. ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಎಂಬ ಉನ್ನತ ಪದವಿ ಪಡೆದವರು. ಚರ್ಮವೈದ್ಯರಿಗೆ ಅವರದೇ ಸ್ನಾತಕೋತ್ತರ ಪದವಿ ಇರುತ್ತದೆ. ಫಲಕದ ಮೇಲೆ ‘ಕಾಸ್ಮೆಟಾಲಜಿಸ್ಟ್’ (ಸೌಂದರ್ಯ ಚಿಕಿತ್ಸೆ ಮಾಡುವವರು) ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿ ಹುಡುಕಿ. ಸಂಖ್ಯೆ ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಂದಲೇ ಎದ್ದು ಬನ್ನಿ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ಕ್ಲಿನಿಕ್ಕೂ ನೋಂದಣಿಯಾಗಿರಬೇಕು. ನಾನು ಹೋದ ಕಡೆ ಗೋಡೆಯ ತುಂಬ ಚೌಕಟ್ಟುಗಳಿದ್ದವು, ಆ ಒಂದು ಪತ್ರ ಇರಲಿಲ್ಲ.

ಚುಚ್ಚುವ ಮೊದಲು ಔಷಧದ ಸೀಸೆಯನ್ನು ಕೈಗೆ ತೆಗೆದುಕೊಂಡು ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಕಾಣುವಂತೆ ಫೋಟೋ ತೆಗೆಯಿರಿ. ರಸೀದಿಯಲ್ಲಿ ಔಷಧದ ಹೆಸರು, ಚುಚ್ಚಿದವರ ಹೆಸರು ಬರೆಸಿಕೊಳ್ಳಿ. ಹಣ ಕಟ್ಟಿ ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಕ್ಲಿನಿಕ್ಕಿನ ಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೂ ದೂರು ಕೊಡಬಹುದು. ನಾನು ಎರಡೂ ಕಡೆ ಕೊಟ್ಟಿದ್ದೇನೆ. ನನ್ನ ಕೈಯಲ್ಲಿರುವ ಸಾಕ್ಷ್ಯವೆಂದರೆ ‘ಕುತ್ತಿಗೆ ಪ್ಯಾಕೇಜ್’ ಎಂದು ಬರೆದ ಆ ಚೀಟಿ, ಆಸ್ಪತ್ರೆಯ ದಾಖಲೆ, ಮತ್ತು ವೈನಿ ಹಟ ಹಿಡಿದು ತೆಗೆದ ಫೋಟೋಗಳು.

ಅಕ್ಟೋಬರಿನಲ್ಲಿ ದಸರಾ ರಜೆ ಮುಗಿದು ಶಾಲೆ ತೆರೆದಾಗ ತುಟಿ ಬಹುಮಟ್ಟಿಗೆ ಸರಿಯಾಗಿತ್ತು. ಬಲಗಿವಿಯ ಕೆಳಗೆ ಒಂದು ಗುಳಿ ಉಳಿದಿದೆ. ಮಗಳ ಮದುವೆಯಲ್ಲಿ ಅದೇ ಬೋರಮಾಳವನ್ನು ಅದೇ ಕೊರಳಿಗೆ ಹಾಕಿಕೊಂಡೆ. ಶಸ್ತ್ರಚಿಕಿತ್ಸೆಯ ಬಗ್ಗೆ ಸಕ್ಕರೆ ಆರು ತಿಂಗಳು ಹಿಡಿತದಲ್ಲಿದ್ದರೆ ಮಾತ್ರ ಯೋಚಿಸೋಣ ಎಂದು ಡಾಕ್ಟರು ಹೇಳಿದ್ದಾರೆ. ಇನ್ನೂ ತೀರ್ಮಾನಿಸಿಲ್ಲ. ಹೋದ ವಾರ ನಮ್ಮ ಶಾಲೆಯ ಸಹಶಿಕ್ಷಕಿಯೊಬ್ಬರು ಪಕ್ಕಕ್ಕೆ ಕರೆದು ತಮ್ಮ ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದರು: ಆಪರೇಷನ್ ಇಲ್ಲ, ಹೊಲಿಗೆ ಇಲ್ಲ, ಇವತ್ತೇ ಕಟ್ಟಿದರೆ ರಿಯಾಯಿತಿ. ಅಲ್ಲಿಯೇ ಫೋನ್ ಮಾಡಿಸಿ ಡಾಕ್ಟರ ನೋಂದಣಿ ಸಂಖ್ಯೆ ಕೇಳಿಸಿದೆ. ಆಮೇಲೆ ಹೇಳುತ್ತೇವೆ ಎಂದರು. ಇದನ್ನು ಬರೆಯುವ ಹೊತ್ತಿಗೂ ಹೇಳಿಲ್ಲ.