ಕಾಪರ್-ಟಿ, ಅಂತರಾ, ಛಾಯಾ: ಬಾಣಂತನದ ನಂತರ ಯಾವುದು?

ಮಗುವಿಗೆ ಮೂರು ತಿಂಗಳು, ಇನ್ನೊಂದಕ್ಕೆ ಅಂತರ ಬೇಕು, ಈ ಮೂರು ಗರ್ಭನಿರೋಧಕಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಖರ್ಚಿನ ಚಿಂತೆ ಬೇಡ, ಸರ್ಕಾರಿ ಆಸ್ಪತ್ರೆಯಲ್ಲಿ ಮೂರೂ ಉಚಿತ. ಹಾಲೂಡಿಸುವವರಿಗೂ ಆಗುತ್ತವೆ, ಅಂತರಾ ಮಾತ್ರ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ.

ಬಾಳಿಕೆ ನೋಡಿದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ. ಅದರಲ್ಲಿ 380ಎ ಎಂಬ ಬಗೆ ಹಾಕಿಸಿದರೆ 10 ವರ್ಷ ನಿಶ್ಚಿಂತೆ. ಬೇಡವೆನಿಸಿದ ದಿನ ತೆಗೆಸಿದರೆ ಬೇಗನೆ ಗರ್ಭ ನಿಲ್ಲಬಹುದು. ಆದರೆ ಮೊದಮೊದಲು ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚುವುದುಂಟು. ರಕ್ತ ಕಡಿಮೆಯಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಅಂತರಾ ಮೂರು ತಿಂಗಳಿಗೊಂದು ಇಂಜೆಕ್ಷನ್. ಮಾತ್ರೆಯ ಹಾಳೆಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡಬೇಕಾದ ಮನೆಯಲ್ಲಿರುವವರಿಗೆ ಇದೇ ಅನುಕೂಲ, ಕಣ್ಣಿಗೆ ಬೀಳುವಂಥದ್ದು ಏನೂ ಉಳಿಯುವುದಿಲ್ಲ. ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಕೊನೆಯ ಇಂಜೆಕ್ಷನ್ ನಂತರ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಬೇಕು. ಒಂದೇ ವರ್ಷದ ಅಂತರ ಸಾಕೆನ್ನುವವರಿಗೆ ನಾನಿದನ್ನು ಹೇಳಲಾರೆ.

ಛಾಯಾ ಹಾರ್ಮೋನ್ ಇಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ವಾರ ಮರೆಯದವರಿಗೆ ಸರಿ. ಪಿಸಿಓಡಿ (ಅಂಡಾಶಯದಲ್ಲಿ ನೀರುಗುಳ್ಳೆಗಳಾಗುವ ತೊಂದರೆ) ಇರುವವರಿಗೆ ಅಥವಾ ಇತ್ತೀಚೆಗೆ ಕಾಮಾಲೆ ಆಗಿದ್ದವರಿಗೆ ಬೇಡ.

ಗಂಡನ ಸಹಿ ತನ್ನಿ ಎಂದು ಯಾರಾದರೂ ವಾಪಸ್ ಕಳಿಸಿದರೆ ಸುಮ್ಮನೆ ಬರಬೇಡಿ. ಈ ಮೂರರಲ್ಲಿ ಯಾವುದಕ್ಕೂ ಆ ಸಹಿ ಬೇಕಿಲ್ಲ; ನಿಮ್ಮ ಒಪ್ಪಿಗೆ ಸಾಕು.