ಕಟ್ಟಿಗಿ ರೈಲ್ ಇಂಜಿನ್ ಕಿಟ್: ಚಲೋ ಐತಿ, ಆದ್ರ ಮಳಿಗಾಲ ಬಿಟ್ಟು ಕೂಡಸ್ರಿ

ಆನ್‌ಲೈನ್‌ನ್ಯಾಗ ತರಿಸಿದ್ದು. ಪ್ಲೈವುಡ್ ಶೀಟ್‌ನ್ಯಾಗ ಲೇಸರ್‌ಲೆ ಕಟ್ ಮಾಡಿದ ತುಂಡು ಇರ್ತಾವ, ಅಂಟು ಬ್ಯಾಡ, ಸ್ಕ್ರೂ ಬ್ಯಾಡ, ಮೆಲ್ಲಕ ಬಿಡಿಸಿ ಒಂದರಾಗೊಂದು ಸಿಗಿಸ್ಕೊಂತ ಹೋಗೂದು, ಕಡೀಕ ರಬ್ಬರ್ ಬ್ಯಾಂಡ್ ಬಿಗಿ ಸುತ್ತಿ ಬಿಟ್ರ ಗೇರ್ ತಿರುಗಿ ಗಾಲಿ ಓಡ್ತಾವ. ಗೇರಿನ ಹಲ್ಲು ಏನ್ ನೀಟ್ ಅದಾವ್ರಿ, ಲೇಸರ್ ಹಾದ ಅಂಚು ಕರ್ರಗಾಗಿ ಬಟ್ಟಿಗೆ ಮಸಿ ಹತ್ತತೈತಿ ಅಷ್ಟ.

ತಕರಾರು ಅಂದ್ರ ನಮ್ಮ ಬೆಳಗಾವಿ ಮಳಿದು. ಜುಲೈದಾಗ ಹವಾದಾಗಿನ ಹಸಿ ಹೀರ್ಕೊಂಡು ಪ್ಲೈವುಡ್ ಉಬ್ಬತೈತಿ, ಹಲ್ಲಿಗಿ ಹಲ್ಲು ಹಿಡದು ಇಂಜಿನ್ ಜಗ್ಗೂದ ಇಲ್ಲ. ನುಣ್ಣನ ಪಾಲಿಶ್ ಪೇಪರ್‌ಲೆ ಹಗೂರಕ ತಿಕ್ಕಿ ಮ್ಯಾಲ ಮೇಣಬತ್ತಿ ಸವರ್ರಿ, ಬರೋಬ್ಬರಿ ಆಗ್ತೈತಿ. ಎಣ್ಣಿ ಮಾತ್ರ ಬಿಲ್ಕುಲ್ ಬ್ಯಾಡ, ಕಟ್ಟಿಗಿ ಕುಡದು ಧೂಳ ಹಿಡಕೊಂಡ್ ಕೂಡತೈತಿ. ವಿಜಾಪುರದಾಗ ನಮ್ಮ ಕಾಕಾನ ಮಗನೂ ಇದನ್ನ ಕೂಡಿಸ್ಯಾನ, ಅಲ್ಲಿ ಒಣಾ ಹವಾ, ಏನೂ ತ್ರಾಸ ಆಗಿಲ್ಲಂತ.

ಸ್ಪೇರ್ ತುಂಡು ಭಾಳ ಕಮ್ಮಿ ಕೊಟ್ಟಾರ, ಇಷ್ಟು ರೊಕ್ಕ ತಗೊಂಡು ಇನ್ನೆರಡು ಗೇರ್ ಜಾಸ್ತಿ ಇಟ್ಟಿದ್ರ ಇವರ ಗಂಟೇನ್ ಹೋಗ್ತಿತ್ತು? ಆದ್ರೂ ತಗೋರಿ, ದುಡ್ಡು ದಂಡ ಅಲ್ಲ. ಸಣ್ಣ ಹುಡುಗೂರು ಇದ್ರ ಬಾಜೂಕ ನೀವೂ ಕೂಡ್ರಿ, ತೆಳ್ಳನ ತುಂಡು ಜೋರ್ ಹಾಕಿದ್ರ ಪಟ್ ಅಂತ ಮುರೀತಾವ.